ಉಣುಗಿನ ಕಾಡಿನಲ್ಲಿ ನಾಯಿಯೊಡನೆ ಚಾರಣ

ಬೆನ್ನಿಗೆ ಚೀಲ ಹೊತ್ತು ಮಲೆನಾಡಿನ ಕಾಡುದಾರಿಯಲ್ಲಿ ನಡೆಯುವವರಿಗೆ ನಾಯಿಗಿಂತ ನಚ್ಚಿನ ಜೊತೆಗಾರನಿಲ್ಲವೆಂಬುದು ಹಳೆಯ ನಂಬಿಕೆ. ಹಾವಿನ ಸರಿದಾಟವಾಗಲಿ, ಹಂದಿಯ ಹೆಜ್ಜೆಯಾಗಲಿ ಮನುಷ್ಯನಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ. ಆದರೆ ಎಳ್ಳುಕಾಳಿಗಿಂತಲೂ ಕಿರಿದಾದ ಒಂದು ಜೀವಿಯ ಮುಂದೆ ಈ ಕಾವಲು ನಡೆಯದು. ಅದನ್ನು ನಾಯಿಯೇ ತನ್ನ ರೋಮದಲ್ಲಿ ಹೊತ್ತು ಡೇರೆಯೊಳಕ್ಕೆ ತರುತ್ತದೆ. ಅದೇ ಉಣುಗು, ಕೆಲವೆಡೆ ಉಣ್ಣೆಯೆಂದೂ ಕರೆಯುವುದುಂಟು.

ಉಣುಗು ಕೀಟವಲ್ಲ, ಜೇಡ, ಚೇಳುಗಳ ವರ್ಗಕ್ಕೆ ಸೇರಿದುದು. ಅದು ಹಾರಲಾರದು, ನೆಗೆಯಲಾರದು. ಹುಲ್ಲಿನ ತುದಿಗೋ ತರಗೆಲೆಯ ಅಂಚಿಗೋ ಏರಿ, ಮುಂಗಾಲುಗಳನ್ನು ಚಾಚಿ ಕಾಯುವುದೇ ಅದರ ಬೇಟೆ. ಆ ಮುಂಗಾಲುಗಳಲ್ಲಿರುವ ಸೂಕ್ಷ್ಮೇಂದ್ರಿಯವು ಪ್ರಾಣಿಗಳ ಉಸಿರಿನ ಇಂಗಾಲಾಮ್ಲವನ್ನೂ ಮೈಯ ಬಿಸಿಯನ್ನೂ ಗುರುತಿಸುತ್ತದೆ. ದಾರಿಯನ್ನು ಬಿಟ್ಟು ಪೊದೆಪೊದೆಗೆ ಮೂಗಿಡುವ ನಾಯಿಗೆ ಅದು ಮೊದಲು ಅಂಟುವುದು ಸಹಜವೇ ಆಗಿದೆ.

ಪಶ್ಚಿಮಘಟ್ಟದ ಕಾಡುಗಳಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರೂ ಜ್ವರಕ್ಕೆ ತುತ್ತಾದಾಗ, ಅದಕ್ಕೆ ಕಾರಣವಾದ ವೈರಾಣು ಪತ್ತೆಯಾಯಿತು. ಜನ ಅದನ್ನು ಮಂಗನ ಕಾಯಿಲೆಯೆಂದರು. ಉಣುಗಿನ ಮರಿಗಳು ಹೆಚ್ಚಾಗಿರುವ ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಚಾರಣಿಗರಿಗೆ ಪ್ರಿಯವಾದ ಕಾಲವೂ ಅದೇ ಎಂಬುದು ದುರ್ದೈವ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಈ ರೋಗದಿಂದ ತತ್ತರಿಸಿತು. ಮಂಗ ಸತ್ತು ಮೈ ತಣ್ಣಗಾದೊಡನೆ ಉಣುಗುಗಳು ಅದನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಹರಡುತ್ತವೆ. ಸತ್ತ ಪ್ರಾಣಿಯನ್ನು ಮೂಸದೆ ಬಿಡದಿರುವುದು ನಾಯಿಯ ಸ್ವಭಾವ. ಆದುದರಿಂದ ಇಂಥ ಕಾಡಿನಲ್ಲಿ ಅದರ ಕೊರಳ ಹಗ್ಗವನ್ನು ಬಿಚ್ಚಲಾಗದು. ಸತ್ತ ಮಂಗ ಕಂಡರೆ ದೂರದಿಂದಲೇ ಹಿಂದಿರುಗಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ರೋಗವಿರುವ ವರ್ಷ ಆ ಕಾಡನ್ನೇ ಬಿಡುವುದು ಲೇಸು.

ಉಣುಗಿನಿಂದ ನಾಯಿಗೆ ಬರುವ ರೋಗಗಳು ಬೇರೆ: ಎರ್ಲಿಕಿಯಾ, ಬಬೇಸಿಯಾ ಮುಂತಾದವು. ಕಾಡಿನಿಂದ ಮರಳಿ ಒಂದೆರಡು ವಾರಗಳ ಮೇಲೆ ನಾಯಿ ಅನ್ನ ಬಿಟ್ಟು ಮಂಕಾದರೆ, ವಸಡು ಬಿಳುಪೇರಿದರೆ, ಮೂಗಿನಿಂದ ರಕ್ತ ಸುರಿದರೆ, ಮೂತ್ರ ಕೆಂಪಾದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹೊರಡುವ ಮುನ್ನ ಪಶುವೈದ್ಯರು ಕೊಡುವ ಉಣುಗುನಾಶಕ ಮಾತ್ರೆಗಳು ಉತ್ತಮವೇ. ಆದರೆ ಅವು ಉಣುಗು ಕಚ್ಚಿ ರಕ್ತ ಹೀರಿದ ಮೇಲೆ ಅದನ್ನು ಕೊಲ್ಲುತ್ತವೆ. ರೋಮದ ಮೇಲೆ ಹರಿದಾಡುವುದನ್ನು ತಡೆಯಲಾರವು. ಹೀಗೆ ಹರಿದಾಡುವ ಉಣುಗೇ ರಾತ್ರಿ ಒಡೆಯನ ಹೊದಿಕೆಗೆ ಇಳಿಯುವುದು. ಮಾತ್ರೆ ನುಂಗಿಸಿದೆವೆಂದು ನಿಶ್ಚಿಂತರಾಗಿ ನಾಯಿಯನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವವರು ಇದನ್ನು ಗಮನಿಸುವುದಿಲ್ಲ. ಮನುಷ್ಯರು ಕೈಕಾಲಿಗೆ ಸವರುವ ಡೆಪಾ ತೈಲವನ್ನು ನಾಯಿಗೆ ಬಳಿಯಬಾರದು. ಅದು ಮೈಯನ್ನು ನೆಕ್ಕುತ್ತದೆ. ಪ್ರತಿ ಸಂಜೆ ಡೇರೆಯ ಹೊರಗೆ ಒತ್ತಾದ ಹಲ್ಲಿನ ಬಾಚಣಿಗೆಯಿಂದ ಬಾಚಿ, ಕಿವಿಯೊಳಗೆ, ಕೊರಳಪಟ್ಟಿಯ ಕೆಳಗೆ, ಬೆರಳ ಸಂದಿನಲ್ಲಿ, ತೊಡೆಯ ಒಳಭಾಗದಲ್ಲಿ ಬೆರಳಾಡಿಸಿ ನೋಡಬೇಕು.

ಕಚ್ಚಿದ ಉಣುಗಿಗೆ ಸೀಮೆಎಣ್ಣೆ ಸುರಿಯುವುದು, ಬೆಂಕಿ ಮುಟ್ಟಿಸುವುದು ರೂಢಿ. ಇದು ಸಲ್ಲದು, ಕೆರಳಿದ ಉಣುಗು ತನ್ನ ಜೊಲ್ಲನ್ನು ಗಾಯಕ್ಕೇ ಉಗುಳಬಹುದು. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆಳೆಯಬೇಕು. ಬೆರಳಿನಿಂದ ಹಿಸುಕದೆ ಸ್ಪಿರಿಟ್ಟಿನ ಸೀಸೆಗೆ ಹಾಕಬೇಕು. ಅನಂತರ ನಡೆದವರೂ ತಮ್ಮ ಮೈಯನ್ನು ಪರೀಕ್ಷಿಸಿ, ಬಿಸಿನೀರಿನಲ್ಲಿ ಸಾಬೂನಿನಿಂದ ಮಿಂದು, ಬಟ್ಟೆ ಬದಲಿಸಬೇಕು. ಮುಂದಿನ ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಕಂಡರೆ ಯಾವ ಕಾಡಿಗೆ ಹೋಗಿದ್ದರೆಂಬುದನ್ನು ವೈದ್ಯರಿಗೆ ಮೊದಲೇ ಹೇಳತಕ್ಕದ್ದು.