ಉತ್ತರಿ ಮಳೆಗೆ ಮೊದಲು ಬರುವ ಮಗ

ಭಾದ್ರಪದ ಶುದ್ಧ ಅಷ್ಟಮಿ. ಹುನಗುಂದ ಸೀಮೆಯ ಎರೆಹೊಲಗಳಲ್ಲಿ ಹೆಸರು ಬಿಡಿಸಿ ಮುಗಿದಿದೆ, ಹಿಂಗಾರಿ ಜೋಳಕ್ಕೆಂದು ನೆಲ ಹರಗಿ ಬಿಟ್ಟಿದ್ದಾರೆ. ಓಣಿಯ ತುದಿಯಿಂದ ಹೆಣ್ಣುದನಿಗಳು ಒಂದನ್ನೊಂದು ಎತ್ತಿಕೊಳ್ಳುತ್ತ ಬರುತ್ತವೆ.

“ಜೋಕುಮಾರ ಬಂದಾನ್ರೀ ಯವ್ವಾ, ಜ್ವಾಳ ನೀಡ್ರೀ!”

ಮುಂದಿನವಳ ತಲೆಯ ಮೇಲೆ ಬಿದಿರಬುಟ್ಟಿ. ಅದರ ತುಂಬ ಬೇವಿನ ತಪ್ಪಲು, ನಡುವೆ ಮಳೆ-ಬೆಳೆಯ ದೇವರಾದ ಮಣ್ಣಿನ ಜೋಕುಮಾರ. ಅಗಲ ಮುಖ, ದೊಡ್ಡ ಕಣ್ಣು, ಹುರಿಮೀಸೆ, ತೆರೆದ ಬಾಯಿಗೆ ಮೆತ್ತಿದ ಬೆಣ್ಣೆ. ಹೊತ್ತವರು ಅಂಬಿಗೇರ ಹೆಣ್ಣುಮಕ್ಕಳು. ಕೆಲವು ಊರಲ್ಲಿ ತಳವಾರರು, ಬಾರಿಕೇರರು. ಅಂಗಳದಲ್ಲಿ ಬುಟ್ಟಿ ಇಳಿಸಿ ಸುತ್ತ ಕೂತು ಹಾಡುತ್ತಾರೆ. ಅವನು ಹುಟ್ಟಿದ್ದು, ಮಳೆ ಸುರಿದು ಕೆರೆ ತುಂಬಿದ್ದು, ಅವನು ಹೆಣ್ಣಿಗೆ ಮರುಳಾಗಿ ಅಲೆದದ್ದು ಎಲ್ಲವೂ ಆ ಹಾಡಿನಲ್ಲಿದೆ. ಇಳಕಲ್ ಸೀರೆಯ ಕೆಂಪು ಸೆರಗು ಸರಿಪಡಿಸಿಕೊಂಡು ಮನೆಯಾಕೆ ಮರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ತಂದು ಸುರಿಯುತ್ತಾಳೆ. ಅವಳ ಕೈಗೆ ಬೇವಿನೆಲೆ, ನುಚ್ಚು ಮರಳಿ ಬರುತ್ತದೆ. ಮನೆಯ ಒಕ್ಕಲಿಗ ಅದನ್ನು ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಚರಗ ಚೆಲ್ಲುತ್ತಾನೆ.

ಹುಟ್ಟಿನ ಸುದ್ದಿಯನ್ನು ಬಾಗಿಲಿಂದ ಬಾಗಿಲಿಗೆ ಹಾಡಿನಲ್ಲಿ ಒಯ್ಯುವುದು ಬೇರೆಡೆಯೂ ಉಂಟು. ಇದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೆ 1851ರಲ್ಲಿ ಕ್ರೈಸ್ತರ ಬಾಸೆಲ್ ಮಿಷನ್ ಬಂತು. ಮಿಷನ್ನಿನವರ ನಾಡುಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕ್ರಿಸ್ತನ ಹುಟ್ಟನ್ನು ಬೀದಿಯಲ್ಲಿ ಹಾಡುವ ರೂಢಿ ಹಳೆಯದು. ಇಂಗ್ಲೆಂಡಿನ ಹಳ್ಳಿಗರಂತೂ ಅದೇ ಚಳಿಗಾಲದಲ್ಲಿ ಸೇಬಿನ ತೋಟಕ್ಕೆ ಹೋಗಿ, ಮರಗಳಿಗೇ ಹಾಡಿ ಫಸಲು ಬೇಡುತ್ತಿದ್ದರು. ಚರಗ ಚೆಲ್ಲುವ ನಮ್ಮ ರೈತನಿಗೆ ಅವರ ಮನಸ್ಸು ಕೂಡಲೇ ತಿಳಿಯುತ್ತದೆ.

ಜೋಕುಮಾರನ ಆಯುಷ್ಯ ಮಾತ್ರ ಏಳೇ ದಿನ. ಹುಣ್ಣಿಮೆಯ ರಾತ್ರಿ ಅವನಿಗೆ ಸಾವು. ಅಗಸರು ಅವನನ್ನು ಕೊಂದರೆಂಬುದು ಕಥೆ. ಹೆಂಗಸರು ಒನಕೆಯಿಂದ ಮೂರ್ತಿಯನ್ನು ಬಡಿದು ಒಡೆಯುತ್ತಾರೆ. ಅವನ ಅಳು ಕೇಳಬಾರದೆಂದು ಅಗಸರು ಮೂರು ದಿನ ಹಳ್ಳದ ಕಡೆ ಹೆಜ್ಜೆ ಹಾಕುವುದಿಲ್ಲ. ಹಸಿಮಣ್ಣು ಮತ್ತೆ ಮಣ್ಣಿಗೆ ಸೇರುತ್ತದೆ. ಬೀಜವೂ ಹಾಗೆಯೇ ನೆಲ ಸೇರಬೇಕು. ಅವನ ಕಾಮ ಕೆಟ್ಟದ್ದೆಂದು ಹಾಡು ಎಲ್ಲೂ ಬೈಯುವುದಿಲ್ಲ. ನೆಲಕ್ಕೆ ಬೇಕಾದ ಬಸಿರಿನ ಬಲ ಅದು. ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ಬಲವನ್ನೇ ಹಿಡಿದು, ನೆಲ ಒಡೆಯನದೋ ಉತ್ತವನದೋ ಎಂದು ಕೇಳಿದರು.

ನನಗೆ ಅತ್ಯಂತ ಪ್ರಿಯವಾದದ್ದು ಸಾವಿನ ನಂತರದ ಕಥೆ. ಗಣಪ್ಪ ಮೊದಲೇ ಬಂದು ಕಡುಬು, ಹೋಳಿಗೆ ಉಂಡು ಹೋಗಿ, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ಹೇಳಿರುತ್ತಾನೆ. ಜೋಕುಮಾರ ಕೇರಿ ಕೇರಿ ತಿರುಗಿದವನು. ಮಳೆಯಿಲ್ಲದೆ ಒಣಗಿದ ಪೈರು, ಬರಿದಾದ ಹಗೇವು, ಮೇವಿಲ್ಲದ ದನ, ಕಂಡದ್ದನ್ನೆಲ್ಲ ಅವನು ಶಿವನಿಗೆ ಬಿಚ್ಚಿ ಹೇಳುತ್ತಾನೆ. ಹೆಂಗಸರು ಏಳು ದಿನ ಅವನ ಕಿವಿಯಲ್ಲಿ ಹಾಡಿದ್ದು ವ್ಯರ್ಥವಲ್ಲ.

ಈ ವರದಿ ಕೈಲಾಸ ಮುಟ್ಟುವ ಕಾಲವೂ ಲೆಕ್ಕ ತಪ್ಪಿದ್ದಲ್ಲ. ಬಾಗಲಕೋಟೆಯ ಬಯಲಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಹುಣ್ಣಿಮೆಯ ಆಸುಪಾಸಿಗೆ ಉತ್ತರಿ ಮಳೆ, ಅದರ ಬೆನ್ನಿಗೆ ಹಸ್ತ ಮಳೆ. ಈ ಎರಡು ಹದವಾಗಿ ಸುರಿದರೆ ಎರೆಯ ಎದೆಯಲ್ಲಿ ತೇವ ನಿಂತು, ಬಿಳಿಜೋಳ ಆಮೇಲೆ ಮಳೆ ಕೇಳದೆ ಇಬ್ಬನಿಯಲ್ಲೇ ತೆನೆ ಕಟ್ಟುತ್ತದೆ.