ಸಕ್ಕರೆ ಬೇನೆಗೆ ಸೊಪ್ಪಿನ ಔಷಧಿ: ಪರೀಕ್ಷೆ ಏನು ಹೇಳುತ್ತದೆ?



ಸಕ್ಕರೆ ಬೇನೆ ಇಂದು ಹಳ್ಳಿಗಳಲ್ಲಿಯೂ ಮನೆ ಮಾಡಿದೆ. ಬೇನೆ ಬಂದವರಿಗೆ ಔಷಧಿ ಹೇಳುವವರಿಗೂ ಕೊರತೆಯಿಲ್ಲ. ಅಂಗಳದ ಸದಾಪುಷ್ಪದ (ಸದಾಫುಲಿ) ಎಲೆಯನ್ನು ನಿತ್ಯ ಅಗಿದರೆ ಸಾಕು, ಗುಳಿಗೆ ಬೇಡ ಎನ್ನುವವರಿದ್ದಾರೆ. ಇದೇ ನಂಬಿಕೆ ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಲ್ಲಿಯೂ ಇತ್ತು. ಅದನ್ನು ಪರೀಕ್ಷಿಸಿದಾಗ ಕಂಡದ್ದೇನೆಂಬುದನ್ನು ತಾವು ತಿಳಿದಿರುವುದು ಅವಶ್ಯ.

1952ರಲ್ಲಿ ಜಮೈಕಾದ ವೈದ್ಯರೊಬ್ಬರು ಈ ಗಿಡದ ಎಲೆಗಳನ್ನು ಕೆನಡಾಕ್ಕೆ ಕಳುಹಿಸಿದರು. ಅವು ಡಾ. ರಾಬರ್ಟ್ ನೋಬಲ್ ಅವರ ಕೈಸೇರಿದವು. ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಸೂಜಿಯಿಂದ ಕೊಟ್ಟಾಗ ಇಲಿಗಳು ಸೋಂಕು ತಗಲಿ ಸತ್ತವು. ಕಾರಣ ನೋಡಿದರೆ ರಕ್ತದಲ್ಲಿ ರೋಗದೊಡನೆ ಹೋರಾಡುವ ಬಿಳಿ ಕಣಗಳು ತೀರ ಕಡಿಮೆಯಾಗಿದ್ದವು. ಈ ಗುಣವನ್ನೇ ಹಿಡಿದು ನೋಬಲ್ ಮತ್ತು ಚಾರ್ಲ್ಸ್ ಬೀರ್ ಅವರು 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಬೇರ್ಪಡಿಸಿದರು. ರಕ್ತ ತಪಾಸಣೆ ಮಾಡುತ್ತ, ಅಳೆದು ಕೊಡಬೇಕಾದ ಉಗ್ರ ಔಷಧಿಯಿದು. ಮುಂದೆ ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಈ ಗಿಡದ ಸಾರದಿಂದ ಸಕ್ಕರೆ ಇಳಿದದ್ದುಂಟು. ಆದರೂ ಮನುಷ್ಯರ ಸಕ್ಕರೆ ಬೇನೆಗೆ ಇದು ಔಷಧಿಯೆಂದು ಸಿದ್ಧವಾಗಿಲ್ಲ.

ಹಾಗೆಂದು ಗಿಡಮೂಲಿಕೆಯೆಲ್ಲ ಸುಳ್ಳಲ್ಲ. ಯುರೋಪಿನ ಗಲೇಗಾ ಗಿಡದಲ್ಲಿ ಸಕ್ಕರೆ ಇಳಿಸುವ ಗಲೇಗಿನ್ ಎಂಬ ಅಂಶವಿದೆ. 1920ರ ದಶಕದಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಗುಣದೊಡನೆ ವಿಷವೂ ಇದ್ದುದರಿಂದ ಕೈಬಿಟ್ಟರು. ಅದಕ್ಕೆ ಸಂಬಂಧಿಸಿದ, ವಿಷ ಕಡಿಮೆಯಿರುವ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾಯಿತು. 1957ರಲ್ಲಿ ಫ್ರಾನ್ಸಿನ ಡಾ. ಝಾಂ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಕಂಡ ಫಲವನ್ನು ಪ್ರಕಟಿಸಿದರು. ಇಂದು ಡಾಕ್ಟರರು ಬಹಳ ಮಂದಿಗೆ ಮೊದಲು ಬರೆದುಕೊಡುವ ಗುಳಿಗೆ ಇದೇ.

ಒಬ್ಬರ ಹೊಲದಲ್ಲಿ ಚೆನ್ನಾಗಿ ಬಂದಿತೆಂದು ಹೊಸ ಕಬ್ಬಿನ ತಳಿಯನ್ನು ಯಾರೂ ಶಿಫಾರಸು ಮಾಡುವುದಿಲ್ಲ. ಚಾಲ್ತಿ ತಳಿಯ ಪಕ್ಕದಲ್ಲಿಯೇ ಹಚ್ಚಿ, ಹಲವು ಕಡೆ ಬೆಳೆದು, ಕುಳೆಯಲ್ಲಿಯೂ ತೂಕ ಮತ್ತು ರಿಕವರಿ ನೋಡುತ್ತಾರೆ. ಔಷಧಿಯ ಪರೀಕ್ಷೆಯೂ ಹೀಗೆಯೇ. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಚಾಲ್ತಿ ಗುಳಿಗೆ ಅಥವಾ ಔಷಧಿಯಿಲ್ಲದ ಗುಳಿಗೆ ಕೊಟ್ಟು ಹೋಲಿಸಬೇಕು. ಮಣ್ಣು, ಹವೆ, ಕಟಾವಿನ ಕಾಲಕ್ಕೆ ತಕ್ಕಂತೆ ಕಬ್ಬಿನ ರಿಕವರಿ ಬದಲಾಗುವಂತೆ ಎಲೆಯಲ್ಲಿನ ಅಂಶವೂ ಬದಲಾಗುತ್ತದೆ. ಮುಷ್ಟಿ ಸೊಪ್ಪಿನಲ್ಲಿ ಎಷ್ಟು ಔಷಧಿ, ಎಷ್ಟು ವಿಷ ಎಂದು ಕಣ್ಣಿನಿಂದ ಅಳೆಯಲಾಗದು.

ಆದ್ದರಿಂದ ಸಭಾಸದರಲ್ಲಿ ವಿನಂತಿ:

1. ಸೊಪ್ಪನ್ನು ನಂಬಿ ಗುಳಿಗೆ, ಇನ್ಸುಲಿನ್ ನಿಲ್ಲಿಸಬೇಡಿರಿ. ಇನ್ಸುಲಿನ್ ಒಮ್ಮೆಲೇ ನಿಂತರೆ ಪ್ರಾಣಕ್ಕೇ ಅಪಾಯವಾದೀತು.

2. ಮೆಂತ್ಯ, ಹಾಗಲ, ಮಧುನಾಶಿನಿ ಏನನ್ನೇ ಔಷಧಿಯೆಂದು ಸೇವಿಸುತ್ತಿದ್ದರೂ ಡಾಕ್ಟರರಿಗೆ ತಿಳಿಸಿರಿ. ಗುಳಿಗೆಯೊಡನೆ ಕೂಡಿ ಸಕ್ಕರೆ ಮಿತಿಮೀರಿ ಇಳಿಯುವ ಸಂಭವವಿದೆ.

3. ನೋವಿಲ್ಲವೆಂದು ಬೇನೆಯಿಲ್ಲವೆಂದು ತಿಳಿಯಬೇಡಿರಿ. ಸಕ್ಕರೆ ಏರಿದರೆ ಕಣ್ಣು, ಮೂತ್ರಪಿಂಡ, ಕಾಲುಗಳು ಸದ್ದಿಲ್ಲದೆ ಕೆಡುತ್ತವೆ. ಕಾಲಕಾಲಕ್ಕೆ ರಕ್ತ ತಪಾಸಣೆ ಮಾಡಿಸಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ