ಮೂರು ಕೊಕ್ಕೆಗಳ ಜಾಗದಲ್ಲಿ ಹಿರೇಕೊಟ್ನೆಕಲ್

ಪೈಥಾನ್ ಶೆಲ್ ತೆರೆದರೆ ಮೊದಲು ಕಾಣುವುದು ಆವೃತ್ತಿಯ ಸಂಖ್ಯೆ, ನೆರವು ಬೇಕಾದರೆ ಏನು ಟೈಪ್ ಮಾಡಬೇಕೆಂದು ತಿಳಿಸುವ ಒಂದು ಇಂಗ್ಲಿಷ್ ಸಾಲು, ಅದರ ಕೆಳಗೆ >>> ಎಂಬ ಮೂರು ಕೊಕ್ಕೆ. ಈ ಕೊಕ್ಕೆಗಳಿಗೆ ಪ್ರಾಂಪ್ಟ್ ಎನ್ನುತ್ತಾರೆ. ಯಂತ್ರ ತಯಾರಾಗಿದೆ, ಇನ್ನು ನೀವು ಹೇಳಬಹುದು ಎಂಬುದಕ್ಕೆ ಅದು ಗುರುತು. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಉತ್ತರ ಅಲ್ಲೇ ಕೆಳಗೆ ಬರುತ್ತದೆ, ಮತ್ತೆ ಕೊಕ್ಕೆಗಳು ಕಾಯುತ್ತವೆ. ಕರ್ನಾಟಕದ ಪಿಯು ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಸಿ++ ಇದ್ದ ಜಾಗಕ್ಕೆ ಪೈಥಾನ್ ಬಂದ ಮೇಲೆ ಈ ಕೊಕ್ಕೆಗಳ ಮುಂದೆ ಕೂರುವವರ ಸಂಖ್ಯೆ ಹೆಚ್ಚಿದೆ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರಿನಲ್ಲಿ ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿ, ಮಾನ್ವಿಗೋ ರಾಯಚೂರಿಗೋ ಪಿಯು ವಿಜ್ಞಾನಕ್ಕೆ ಸೇರುವ ಹುಡುಗ ಹುಡುಗಿಯರೂ ಅವರಲ್ಲಿದ್ದಾರೆ. ಆ ಕೊಕ್ಕೆಗಳನ್ನು ಬದಲಿಸಬಹುದು, ಶೆಲ್ ತೆರೆದಾಗ ಏನು ನಡೆಯಬೇಕು ಎಂಬುದನ್ನು ತಾವೇ ಬರೆದಿಡಬಹುದು ಎಂದು ಅವರಿಗೆ ಹೇಳುವವರು ಕಡಿಮೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಪ್ರೋಗ್ರಾಮಿಂಗ್‌ನ ಮೊದಲ ಪಾಠವೇ ಅದಾಗಬೇಕು ಎಂಬುದು ಈ ಲೇಖನದ ವಾದ.

ಕೆಲಸ ಚಿಕ್ಕದು. ಪೈಥಾನ್‌ಸ್ಟಾರ್ಟಪ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಒಂದು ಫೈಲಿನ ವಿಳಾಸ ಕೊಟ್ಟರೆ, ಶೆಲ್ ತೆರೆದಾಗಲೆಲ್ಲ ಪೈಥಾನ್ ಆ ಫೈಲನ್ನು ಮೊದಲು ಓದಿ ನಡೆಸುತ್ತದೆ. ಅದರಲ್ಲಿ ಇಟ್ಟ ಹೆಸರುಗಳೆಲ್ಲ ಶೆಲ್ಲಿನಲ್ಲಿ ಕೈಗೆ ಸಿಗುತ್ತವೆ. ಪ್ರಾಂಪ್ಟ್ ಎಂಬುದು ಸಿಸ್ ಎಂಬ ಮಾಡ್ಯೂಲಿನೊಳಗಿನ ಪಿಎಸ್1 ಎಂಬ ಬೆಲೆ, ಅಷ್ಟೇ. ಸಾಲು ಮುಂದುವರಿಯುವಾಗ ಕಾಣುವ ಮೂರು ಚುಕ್ಕೆ ಪಿಎಸ್2. ಪಿಎಸ್1ರಲ್ಲಿ ಕೊಕ್ಕೆಗಳ ಬದಲು ಊರಿನ ಹೆಸರು ಇಟ್ಟರೆ ಊರಿನ ಹೆಸರೇ ಕಾಣುತ್ತದೆ. ಅಕ್ಷರಗಳ ಬದಲು ಒಂದು ಆಬ್ಜೆಕ್ಟ್ ಇಟ್ಟರೆ, ಪ್ರತಿ ಸಲ ಪ್ರಾಂಪ್ಟ್ ತೋರಿಸುವ ಮುನ್ನ ಪೈಥಾನ್ ಅದನ್ನು ಹೊಸದಾಗಿ ಅಕ್ಷರಕ್ಕೆ ತಿರುಗಿಸಿಕೊಳ್ಳುತ್ತದೆ. ಹಾಗಾಗಿ ಪ್ರಾಂಪ್ಟಿನಲ್ಲಿ ಗಂಟೆ ತೋರಿಸಬಹುದು, ಎಷ್ಟನೆಯ ಸಾಲು ಎಂದು ಎಣಿಸಬಹುದು. ಇಷ್ಟು ಮಾಡುವ ಹೊತ್ತಿಗೆ ವಿದ್ಯಾರ್ಥಿ ಮಾಡ್ಯೂಲ್, ವೇರಿಯಬಲ್, ಸ್ಟ್ರಿಂಗ್ ಮೂರನ್ನೂ ಮುಟ್ಟಿರುತ್ತಾನೆ. ಎಣಿಸುವ ಪ್ರಾಂಪ್ಟ್ ಬರೆದವಳು ಕ್ಲಾಸ್ ಬರೆಯುವುದನ್ನೂ ಕಲಿತಿರುತ್ತಾಳೆ. ಪರೀಕ್ಷೆಗೆಂದು ಬರೆದ ಪ್ರೋಗ್ರಾಮ್ ಮಾರ್ಕ್ಸ್ ಬಂದ ದಿನಕ್ಕೆ ಮುಗಿಯುತ್ತದೆ, ಈ ಫೈಲ್ ಮಾತ್ರ ಶೆಲ್ ತೆರೆದ ಪ್ರತಿ ದಿನವೂ ಓಡುತ್ತದೆ. ಕಲಿಯುವವರಿಗೆ ತಾವು ಬರೆದದ್ದು ದಿನವೂ ಕೆಲಸಕ್ಕೆ ಬರುವುದನ್ನು ನೋಡುವ ಅವಕಾಶ ಇಷ್ಟು ಬೇಗ ಬೇರೆಲ್ಲೂ ಸಿಗುವುದಿಲ್ಲ.

ಇಷ್ಟಕ್ಕೇ ನಿಂತರೆ ಇದನ್ನು ಅಲಂಕಾರ ಎಂದು ತಳ್ಳಿಹಾಕಬಹುದು. ಪ್ರಾಂಪ್ಟಿಗಿಂತ ಹೆಚ್ಚಿನದು ಇರುವುದು ಎರರ್ ಮೆಸೇಜಿನಲ್ಲಿ. ಪ್ರೋಗ್ರಾಮ್ ತಪ್ಪಿದಾಗ ಬರುವ ಕೆಂಪು ಸಾಲುಗಳು ಪೂರ್ತಿ ಇಂಗ್ಲಿಷಿನವು, ಅದೂ ಪಠ್ಯಪುಸ್ತಕದಲ್ಲಿ ಕಾಣದ ಇಂಗ್ಲಿಷು. ತಪ್ಪು ಎಲ್ಲಿದೆ ಎಂದು ಹೇಳಲೆಂದೇ ಬಂದ ಮಾತನ್ನು ಓದಲಾರದೆ ವಿದ್ಯಾರ್ಥಿ ಇಡೀ ಪ್ರೋಗ್ರಾಮನ್ನು ಅಳಿಸಿ, ಲೆಕ್ಚರರ್ ಬೋರ್ಡಿನ ಮೇಲೆ ಬರೆದದ್ದನ್ನು ಮತ್ತೆ ನಕಲು ಮಾಡಲು ಕೂರುತ್ತಾನೆ. ಪೈಥಾನಿನಲ್ಲಿ ಎಕ್ಸೆಪ್ಟ್‌ಹುಕ್ ಎಂಬ ಫಂಕ್ಷನ್ ಇದೆ. ಯಾರೂ ಹಿಡಿಯದ ಎರರ್ ಬಂದಾಗ ಪರದೆಗೆ ಏನು ಬರಬೇಕು ಎಂದು ತೀರ್ಮಾನಿಸುವುದು ಅದು. ಸ್ಟಾರ್ಟಪ್ ಫೈಲಿನಲ್ಲಿ ಅದರ ಜಾಗಕ್ಕೆ ನಮ್ಮದೊಂದು ಫಂಕ್ಷನ್ ಕೂರಿಸಿ, ಮೊದಲು ಕನ್ನಡದಲ್ಲಿ ಒಂದು ಸಾಲು ಹೇಳಿಸಿ, ಆಮೇಲೆ ಮೂಲ ಫಂಕ್ಷನ್ನಿಗೇ ಕೆಲಸ ಒಪ್ಪಿಸಿದರೆ ಇಂಗ್ಲಿಷ್ ಮೆಸೇಜೂ ಇದ್ದ ಹಾಗೆಯೇ ಬರುತ್ತದೆ. ಒಂದನ್ನು ತೆಗೆದು ಇನ್ನೊಂದನ್ನು ಇಡುವ ಪ್ರಶ್ನೆ ಇಲ್ಲಿಲ್ಲ, ಎರಡೂ ಅಕ್ಕಪಕ್ಕ ಇರುತ್ತವೆ.

ತಾಯ್ನುಡಿಯ ಪರಿಸರ ನಿಜಕ್ಕೂ ಕಲಿಕೆಗೆ ನೆರವಾಗುತ್ತದೆ ಎಂಬುದಕ್ಕೆ ಆಧಾರವಿದೆ. ಸಯಮಿಂದು ದಾಸ್‌ಗುಪ್ತ ಮತ್ತು ಬೆಂಜಮಿನ್ ಮಾಕೊ ಹಿಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಾದ ಸ್ಕ್ರ್ಯಾಚ್ ಬಳಸುವ, ಇಂಗ್ಲಿಷೇತರ ಐದು ದೇಶಗಳ ಹೊಸ ಕಲಿಕೆದಾರರನ್ನು ಪರಿಶೀಲಿಸಿತು. ಅದೇ ದೇಶದಲ್ಲಿ ಇಂಗ್ಲಿಷ್ ಪರದೆ ಬಳಸಿದವರಿಗಿಂತ, ಪದಗಳೂ ಪರದೆಯೂ ತಮ್ಮ ಭಾಷೆಯಲ್ಲಿದ್ದವರು ಹೊಸ ಪರಿಕಲ್ಪನೆಗಳನ್ನು ಬೇಗ ಬಳಸತೊಡಗಿದ್ದರು. ಅದು ಸ್ಕ್ರ್ಯಾಚಿನ ಮಾತು, ಪೈಥಾನಿನದಲ್ಲ. ಅಲ್ಲಿ ಆಜ್ಞೆಗಳೇ ಅನುವಾದವಾಗಿರುತ್ತವೆ, ಇಲ್ಲಿ ಆಗುವುದಿಲ್ಲ. ಆದರೂ ದಿಕ್ಕು ಸ್ಪಷ್ಟ. ಕನ್ನಡದಲ್ಲೂ ಈ ದಾರಿ ಹೊಸದಲ್ಲ. ಮಕ್ಕಳಿಗಾಗಿ 1967ರಲ್ಲಿ ಸೆಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ರೂಪಿಸಿದ ಲೋಗೋ ಭಾಷೆಯನ್ನು ಯು. ಬಿ. ಪವನಜ ಕನ್ನಡಕ್ಕೆ ತಂದರು. ಆಜ್ಞೆಯನ್ನು ಕನ್ನಡದಲ್ಲೇ ಕೊಟ್ಟು ಪರದೆಯ ಮೇಲಿನ ಆಮೆಯನ್ನು ಓಡಿಸುವ ವ್ಯವಸ್ಥೆ ಅದು. ಇಂಗ್ಲಿಷ್ ಬಲ್ಲವರಿಗೂ ಎರರ್ ಮೆಸೇಜುಗಳು ಕಷ್ಟವೇ ಎಂಬುದನ್ನು ಪೈಥಾನ್ ಕಟ್ಟುವವರು ಒಪ್ಪಿಕೊಂಡಿದ್ದಾರೆ. 2021ರ 3.10 ಆವೃತ್ತಿಯಿಂದ, ಹೆಸರು ತಪ್ಪಿದರೆ ನೀವು ಬರೆಯಬೇಕೆಂದಿದ್ದು ಇದೇ ಇರಬಹುದೇ ಎಂದು ಪೈಥಾನ್ ಕೇಳುತ್ತದೆ. ಇಂಗ್ಲಿಷ್ ಬಲ್ಲವರಿಗೆ ಇಷ್ಟು ಕಾಳಜಿ ಬೇಕಾದರೆ ಅದು ಬಾರದವರಿಗೆ ಎಷ್ಟು ಬೇಕಾದೀತು?

ಸ್ಟಾರ್ಟಪ್ ಫೈಲಿನಲ್ಲಿ ಭಾಷೆಯ ಜೊತೆಗೆ ಸೀಮೆಯೂ ಬರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮಾನ್ವಿ, ಸಿಂಧನೂರು ಕಡೆ ಭತ್ತದ ದರ ಹೇಳುವುದು 75 ಕೆ.ಜಿ. ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಬರುವುದು ಕ್ವಿಂಟಲಿಗೆ. ಎಕರೆಗೆ 40 ಗುಂಟೆ. ಚೀಲ ಎಂದರೆ 75, ಎಕರೆ ಎಂದರೆ 40 ಎಂದು ಫೈಲಿನಲ್ಲಿ ಎರಡು ಸಾಲು ಬರೆದಿಟ್ಟರೆ ಶೆಲ್ ತೆರೆದ ಕೂಡಲೇ ಮನೆಯ ಲೆಕ್ಕ ಹಾಕಬಹುದು. ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ಕನ್ನಡ ಅಕ್ಷರದ ಹೆಸರು ಕೊಡಲು ಅಡ್ಡಿಯಿಲ್ಲ. ಸ್ಟ್ರಿಂಗಿನಲ್ಲಿ ಕೊಟ್ಟ ಕನ್ನಡ ಅಂಕಿಗಳನ್ನೂ ಅದು ಸಂಖ್ಯೆಯಾಗಿ ಓದಬಲ್ಲದು, ನೇರ ಲೆಕ್ಕದೊಳಗೆ ಬರೆದರೆ ಮಾತ್ರ ಒಪ್ಪುವುದಿಲ್ಲ. ಉತ್ತರವನ್ನು ಪರದೆಗೆ ತರುವ ಡಿಸ್‌ಪ್ಲೇಹುಕ್ ಎಂಬ ಇನ್ನೊಂದು ಫಂಕ್ಷನ್ನನ್ನು ಬದಲಿಸಿದರೆ ದೊಡ್ಡ ಸಂಖ್ಯೆಗಳು ಮಿಲಿಯನ್ನಿನ ಲೆಕ್ಕದಲ್ಲಲ್ಲ, ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿಕೊಂಡು ಬರುತ್ತವೆ. ಹೀಗೆ ಬದಲಿಸುವ ಹಕ್ಕು ತನಗಿದೆ ಎಂದು ಕಲಿಯುವವಳಿಗೆ ಗೊತ್ತಾಗುವುದೇ ಇಲ್ಲಿನ ದೊಡ್ಡ ಲಾಭ.

ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದನ್ನು ಅನುಭವಿ ಪ್ರೋಗ್ರಾಮರುಗಳೇ ಎತ್ತುತ್ತಾರೆ. ಸ್ಟಾರ್ಟಪ್ ಫೈಲ್ ಓಡುವುದು ಶೆಲ್ಲಿನಲ್ಲಿ ಮಾತ್ರ. ಅದರಲ್ಲಿ ಚೀಲ ಎಂದು ಬರೆದಿಟ್ಟವಳು ಅದೇ ಸಾಲನ್ನು ಬೇರೆ ಪ್ರೋಗ್ರಾಮ್ ಫೈಲಿನಲ್ಲಿ ಬರೆದು ಓಡಿಸಿದರೆ ಆ ಹೆಸರೇ ಇಲ್ಲ ಎಂಬ ಎರರ್ ಬರುತ್ತದೆ. ಪರೀಕ್ಷೆಯ ಕಂಪ್ಯೂಟರಿನಲ್ಲೂ ಇದೇ ಕಥೆ. ಈ ಆಕ್ಷೇಪ ನಿಜ, ಇದಕ್ಕೆ ಒಂದು ಕಟ್ಟುಪಾಡು ಬೇಕು: ನೋಡಲು, ಓದಲು, ತಪ್ಪು ತಿಳಿಯಲು ನೆರವಾಗುವುದು ಸ್ಟಾರ್ಟಪ್ ಫೈಲಿನಲ್ಲಿ ಎಷ್ಟು ಬೇಕಾದರೂ ಇರಲಿ, ಲೆಕ್ಕಕ್ಕೆ ಬೇಕಾದ ಬೆಲೆಗಳು ಬೇರೊಂದು ಚಿಕ್ಕ ಮಾಡ್ಯೂಲಿನಲ್ಲಿದ್ದು, ಶೆಲ್ಲೂ ಪ್ರೋಗ್ರಾಮೂ ಅದನ್ನು ಹೆಸರು ಹೇಳಿ ಇಂಪೋರ್ಟ್ ಮಾಡಿಕೊಳ್ಳಲಿ. ಶೆಲ್ಲಿಗೂ ಫೈಲಿಗೂ ಇರುವ ವ್ಯತ್ಯಾಸ ಮೊದಲ ವಾರದಲ್ಲೇ ಎದುರಾಗುವುದು ಒಳ್ಳೆಯದೇ.

ಅಲಂಕಾರವೆಂಬ ಆಕ್ಷೇಪಕ್ಕೆ ಉತ್ತರ ಈ ಸೀಮೆಯಲ್ಲೇ ಇದೆ. ಹರಿದಾಸರಾದ ಚೀಕಲಪರ್ವಿಯ ವಿಜಯದಾಸರೂ ಬ್ಯಾಗವಾಟದ ಜಗನ್ನಾಥದಾಸರೂ ಮಾನ್ವಿ ಸೀಮೆಯವರೇ. ಅವರ ಹಾಡುಗಳಲ್ಲಿ ರಾಗ ತಾಳಗಳ ಕಟ್ಟು ಎಲ್ಲರದು, ಅಂಕಿತ ಅವರವರದು. ಅಂಕಿತ ತಾಳವನ್ನು ಕೆಡಿಸುವುದಿಲ್ಲ, ಪ್ರಾಂಪ್ಟ್ ಕೂಡ ಪೈಥಾನಿನ ವ್ಯಾಕರಣವನ್ನು ಮುಟ್ಟುವುದಿಲ್ಲ.

ಕನ್ನಡ ಲಿಪಿಯ ತೊಡಕುಗಳು ಈ ಆಕ್ಷೇಪಕ್ಕಿಂತ ಕಠಿಣ, ಅವನ್ನು ಮರೆಮಾಚಿ ಉಪಯೋಗವಿಲ್ಲ. ಹಿರೇಕೊಟ್ನೆಕಲ್ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವುದು ಆರು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಅದು 13 ಸಂಕೇತ. ಒತ್ತು, ಕಾಗುಣಿತಗಳನ್ನು ಹೇಗೆ ಜೋಡಿಸಬೇಕೆಂದು ಅರಿಯದ ಟರ್ಮಿನಲ್ಲುಗಳು ಇನ್ನೂ ಇವೆ. ಅಂಥಲ್ಲಿ ಅಕ್ಷರ ಒಡೆದು ಕಾಣುತ್ತದೆ, ಕರ್ಸರ್ ಒಂದು ಕಡೆ ಇದ್ದರೆ ಟೈಪ್ ಆಗುವುದು ಇನ್ನೊಂದು ಕಡೆ. ಇದಕ್ಕೆ ಸುಲಭವಾದ ಉಪಾಯವಿದೆ: ಕನ್ನಡದ ಸಾಲನ್ನು ಮೇಲೆ ಇಟ್ಟು, ಟೈಪ್ ಮಾಡುವ ಸಾಲಿನಲ್ಲಿ ಒಂದೇ ಕೊಕ್ಕೆ ಇಡುವುದು. ಹೆಸರುಗಳಲ್ಲಿ ಇನ್ನೊಂದು ಮುಳ್ಳಿದೆ. ಸಾಫ್ಟ್‌ವೇರ್ ಎಂದು ಸರಿಯಾಗಿ ಬರೆಯಬೇಕಾದರೆ ಫ್ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಇಲ್ಲದಿದ್ದರೆ ವಕಾರ ಒತ್ತಾಗಿಬಿಡುತ್ತದೆ. ವೇರಿಯಬಲ್ ಹೆಸರಿನಲ್ಲಿ ಪೈಥಾನ್ ಆ ಸಂಕೇತವನ್ನು ಒಪ್ಪುವುದಿಲ್ಲ. ಕಾಣದ ಅಕ್ಷರದಿಂದ ಬಂದ ತಪ್ಪನ್ನು ಹುಡುಕುವುದು ಹೊಸಬರಿಗೆ ಆಗದ ಮಾತು. ಹೀಗಾಗಿ ಕನ್ನಡ ಮಾತು ಪ್ರಾಂಪ್ಟಿನಲ್ಲಿ, ಮೆಸೇಜಿನಲ್ಲಿ ಧಾರಾಳವಾಗಿ ಇರಲಿ, ವೇರಿಯಬಲ್ಲಿನ ಹೆಸರುಗಳಲ್ಲಿ ಹಿತಮಿತವಾಗಿರಲಿ.

ಲ್ಯಾಬ್ ನೋಡಿಕೊಳ್ಳುವವರ ಆತಂಕ ಬೇರೆ. ಒಂದೇ ಕಂಪ್ಯೂಟರನ್ನು ಹಲವರು ಬಳಸುವಾಗ ಒಬ್ಬರ ಫೈಲ್ ಇನ್ನೊಬ್ಬರಿಗೆ ತೊಂದರೆ ಕೊಡಬಹುದು. ಸ್ಟಾರ್ಟಪ್ ಫೈಲ್ ಪೂರ್ಣ ಅಧಿಕಾರದ ಪ್ರೋಗ್ರಾಮ್ ಆದ್ದರಿಂದ ಕಿಡಿಗೇಡಿಗಳ ಕೈಗೂ ಸಿಗಬಹುದು. ಹಾಗಾಗಿ ಲ್ಯಾಬಿನಲ್ಲಿ ಎಲ್ಲರಿಗೂ ಸೇರಿ ಒಂದು ಫೈಲ್ ಬೇಡ. ವಿದ್ಯಾರ್ಥಿ ತನ್ನ ಫೈಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು, ಪೈಥಾನನ್ನು ಮೈನಸ್ ಐ ಎಂಬ ಸೂಚನೆಯೊಂದಿಗೆ ಆ ಫೈಲಿನ ಹೆಸರು ಕೊಟ್ಟು ಶುರು ಮಾಡಿದರೆ ಸಾಕು. ಫೈಲ್ ಓಡಿ ಮುಗಿದು ಶೆಲ್ ತೆರೆದುಕೊಳ್ಳುತ್ತದೆ, ಲ್ಯಾಬಿನ ಕಂಪ್ಯೂಟರಿನಲ್ಲಿ ಏನೂ ಬದಲಾಗುವುದಿಲ್ಲ. ವಿಂಡೋಸಿನಲ್ಲಿ ಪೈಥಾನ್ ಜೊತೆಗೇ ಬರುವ ಐಡಲ್ ಬಳಸುವವರಿಗೆ ಒಂದು ಮಾತು: ಅದು ಸ್ಟಾರ್ಟಪ್ ಫೈಲನ್ನು ತಾನಾಗಿ ಓದುವುದಿಲ್ಲ, ಮೈನಸ್ ಎಸ್ ಎಂಬ ಸೂಚನೆ ಕೊಟ್ಟು ತೆರೆಯಬೇಕು.

ಕೊನೆಗೆ, ಹೇಗಿದ್ದರೂ ಇಂಗ್ಲಿಷ್ ಕಲಿಯಲೇಬೇಕಲ್ಲ ಎಂಬ ಮಾತು. ಕಲಿಯಬೇಕು, ಸಂಶಯವಿಲ್ಲ. ಸಂವಿಧಾನದ 371(ಜೆ) ಕಲಂ ಈ ಭಾಗದವರಿಗೆ ಸೀಟಿನ ಮೀಸಲಾತಿ ತಂದಿದೆ, 2019ರಲ್ಲಿ ಶುರುವಾದ ಐಐಐಟಿ ರಾಯಚೂರಿಗೇ ಬಂದಿದೆ. ಅಲ್ಲಿನ ಪಾಠ ಇಂಗ್ಲಿಷಿನದೇ. ಆದರೆ ಸೀಟು ಸಿಕ್ಕಿದವರು ಮೊದಲ ಸೆಮಿಸ್ಟರಿನಲ್ಲಿ ಎದುರಿಸುವುದು ಇಂಗ್ಲಿಷ್, ಪ್ರೋಗ್ರಾಮಿಂಗ್ ಎಂಬ ಎರಡು ಹೊಸ ಭಾಷೆಗಳನ್ನು ಒಟ್ಟಿಗೆ. ಒಂದು ಗೊತ್ತಿದ್ದರೆ ಇನ್ನೊಂದನ್ನು ಅದರ ಆಸರೆಯಲ್ಲಿ ಕಲಿಯಬಹುದು. ಕನ್ನಡ ಸಾಲಿನ ಕೆಳಗೇ ಇಂಗ್ಲಿಷ್ ಮೆಸೇಜ್ ಇರುವ ಪರದೆ ಅಂಥ ಆಸರೆ. ಒಂದೇ ಎರರನ್ನು ಹತ್ತು ಸಲ ಕಂಡವರು ಕೆಳಗಿನ ಸಾಲನ್ನು ನೇರವಾಗಿ ಓದತೊಡಗುತ್ತಾರೆ, ಮೇಲಿನದನ್ನು ಬೇಕಾದಾಗ ತೆಗೆದುಹಾಕುವುದೂ ಅವರ ಕೈಯಲ್ಲೇ ಇದೆ.

ಮೊದಲ ವರ್ಷದಲ್ಲಿ ಮತ್ತೆ ಮತ್ತೆ ಕಾಣುವ ಎರರುಗಳು ಹತ್ತು ಹನ್ನೆರಡು ದಾಟುವುದಿಲ್ಲ: ಹೆಸರು ಇಲ್ಲದ್ದು, ಸಾಲಿನ ಆರಂಭದ ಜಾಗ ತಪ್ಪಿದ್ದು, ಅಕ್ಷರಕ್ಕೆ ಅಂಕಿ ಕೂಡಿಸಿದ್ದು, ಪಟ್ಟಿಯಲ್ಲಿ ಇಲ್ಲದ ಸ್ಥಾನ ಕೇಳಿದ್ದು, ಸೊನ್ನೆಯಿಂದ ಭಾಗಿಸಿದ್ದು. ಇವಕ್ಕೆ ಕನ್ನಡದ ಸಾಲುಗಳನ್ನು ಬೆಂಗಳೂರಿನ ಸಮಿತಿ ಬರೆದು ಕಳಿಸಬೇಕಿಲ್ಲ. ಪಾರಿಭಾಷಿಕ ಪದಕೋಶದ ಕನ್ನಡವಾದರೆ ಅದೂ ಇಂಗ್ಲಿಷಿನಷ್ಟೇ ದೂರ ನಿಲ್ಲುತ್ತದೆ. ಮಾನ್ವಿಯ ಯಾವುದೇ ಕಾಲೇಜಿನ ಲೆಕ್ಚರರ್ ಮತ್ತು ವಿದ್ಯಾರ್ಥಿಗಳು ಕೂಡಿ ಕೂತು ರಾಯಚೂರು ಸೀಮೆಯ ಮಾತಿನಲ್ಲೇ ಬರೆಯಲಿ. ಹೆಸರಿನ ಎರರಿಗೆ ‘ಈ ಹೆಸರಿಗೆ ಇನ್ನಾ ಬೆಲೆ ಕೊಟ್ಟಿಲ್ರಿ, ಸ್ಪೆಲ್ಲಿಂಗ್ ಒಮ್ಮೆ ನೋಡ್ರಿ’ ಎಂದಿರಲಿ. ಜಾಗದ ಎರರಿಗೆ ‘ಈ ಸಾಲು ಒಳಗ ಸರಿಬೇಕಾಗಿತ್ತು, ನಾಲ್ಕು ಸ್ಪೇಸ್ ಬಿಡ್ರಿ’ ಎಂದಿರಲಿ. ಮೂರನೆಯದನ್ನು ವಿದ್ಯಾರ್ಥಿಗಳೇ ಬರೆಯುತ್ತಾರೆ.